ತಾಯಿ: ಇಲ್ಲ

ಅವನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಬರೆಯುವುದರಲ್ಲಿ ಅರ್ಥವಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುವುದು ಮಲ್ಲೇಶ್ವರದ ಒಂದು ವಧೂವರರ ಕೇಂದ್ರದಲ್ಲಿ. ಅದರ ಒಡತಿ ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು. ಅವರ ತಮ್ಮ ಬಸವನಗುಡಿಯಲ್ಲಿ ಅಂಥದ್ದೇ ಇನ್ನೊಂದು ಕೇಂದ್ರ ನಡೆಸುತ್ತಿದ್ದರು. ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಜನ ಫೋನಿನಲ್ಲೇ ಗಂಡು ಹೆಣ್ಣು ಹುಡುಕಿಕೊಳ್ಳತೊಡಗಿದ ಮೇಲೆ ಇಬ್ಬರ ಮೆಟ್ಟಿಲು ಹತ್ತುವವರೂ ಕಡಿಮೆಯಾದರು. ಬೇರೆ ದಾರಿ ಕಾಣದೆ ಎರಡು ಕೇಂದ್ರಗಳನ್ನೂ ಒಂದು ಮಾಡಲು ಒಪ್ಪಿಕೊಂಡರು, ಪ್ರೀತಿಯಿಂದಲ್ಲ. ಅಕ್ಕನ ಕಡೆಯ ಪ್ರೋಗ್ರಾಮರ್ ನಾನು, ತಮ್ಮನ ಕಡೆಯವನು ಅವನು. ನನಗಿಂತ ಬಹಳ ಚಿಕ್ಕವನು. ಯಾವುದೋ ದೊಡ್ಡ ಕಂಪನಿಯಲ್ಲಿ ಇದ್ದು ಬಂದಿದ್ದ, ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುತ್ತಿದ್ದ.

ಮೊದಲ ಭೇಟಿಯಲ್ಲಿ ನನ್ನ ಕೋಡನ್ನು ಗೋಡೆಯ ಮೇಲಿನ ಟಿವಿಗೆ ಹಾಕಿ, ಅಕ್ಕ ತಮ್ಮ ಇಬ್ಬರ ಎದುರಿಗೆ ಮೇಲಿಂದ ಕೆಳಗೆ ಸರಿಸಿದ.

"ಮೇಡಂ, ಹಿಂಗೆಲ್ಲಾ ಈಗ ಯಾರೂ ಬರೆಯಲ್ಲ. ಒಂದೇ ಲೈನಲ್ಲಿ ಆಗುತ್ತೆ."

ಅವನು ಹೇಳುತ್ತಿದ್ದುದು, ಎರಡೂ ಕೇಂದ್ರಗಳ ವಿವರಗಳನ್ನು ಒಂದು ಮಾಡಲು ನಾನು ಬರೆದಿದ್ದ 'ಎಕ್ಸ್‌ಟೆಂಡ್' ಎಂಬ ಫಂಕ್ಷನ್ ಬಗ್ಗೆ. ಜಾವಾಸ್ಕ್ರಿಪ್ಟಿನಲ್ಲಿ ಒಬ್ಬ ಹುಡುಗಿಯ ವಿವರವೆಲ್ಲ ಒಂದು ಆಬ್ಜೆಕ್ಟಿನಲ್ಲಿರುತ್ತದೆ. ಹೆಸರು, ನಕ್ಷತ್ರ, ಓದು ಎಂದು ಚೀಟಿ ಅಂಟಿಸಿದ ಖಾನೆಗಳಿರುವ ಪೆಟ್ಟಿಗೆಯ ಹಾಗೆ. ಅದರೊಳಗೆ 'ಕುಟುಂಬ' ಎಂಬುದು ಇನ್ನೊಂದು ಚಿಕ್ಕ ಪೆಟ್ಟಿಗೆ. ತಂದೆ, ತಾಯಿ, ಒಡಹುಟ್ಟಿದವರು ಅದರಲ್ಲಿರುತ್ತಾರೆ. ಅವನ ಒಂದು ಸಾಲು ಎರಡು ಪೆಟ್ಟಿಗೆಗಳನ್ನು ಸೇರಿಸುವಾಗ ಹೊರಗಿನ ಚೀಟಿಗಳನ್ನು ಮಾತ್ರ ನೋಡುತ್ತದೆ. ಎರಡರಲ್ಲೂ 'ಕುಟುಂಬ' ಇದ್ದರೆ ಮೊದಲಿನದನ್ನು ಇಡಿಯಾಗಿ ಎಸೆದು, ಆಮೇಲೆ ಬಂದದ್ದನ್ನು ಇಡಿಯಾಗಿ ಇಟ್ಟುಕೊಳ್ಳುತ್ತದೆ. ನನ್ನ ಫಂಕ್ಷನ್ ಉದ್ದವಿದ್ದದ್ದು ಅದಕ್ಕೇ. ಅದು ಒಳಗಿನ ಪೆಟ್ಟಿಗೆಯನ್ನೂ ತೆರೆದು, ಇರುವುದನ್ನು ಉಳಿಸಿ, ಇಲ್ಲದ್ದನ್ನು ಸೇರಿಸುತ್ತಿತ್ತು.

"ನಿಮ್ಮ ಲೈನು ಒಳಗಡೆ ಹೋಗಲ್ಲ," ಎಂದೆ. "ನಿಮ್ಮ ಕಡೆ ಅರ್ಜೀಲಿ ತಾಯಿ ಹೆಸರೇ ಕೇಳಿಲ್ಲ. ನಮ್ಮದರ ಮೇಲೆ ನಿಮ್ಮದು ಬಂದು ಕೂತ್ರೆ ತಾಯಂದಿರೆಲ್ಲ ಹೋಗ್ತಾರೆ."

"ಟೆಸ್ಟ್ ಮಾಡಿದೀನಿ ಮೇಡಂ. ಎಲ್ಲಾ ಬರ್ತಿದೆ."

"ಹೊರಗಿಂದಷ್ಟೇ ನೋಡಿದೀರಿ."

ಅವನು ತಮ್ಮನ ಕಡೆ ತಿರುಗಿ ನಕ್ಕ. ತಮ್ಮ, "ಹೊಸ ಕಾಲದ್ದು ಹೊಸ ಥರಾನೇ ಆಗ್ಲಿ ಬಿಡಿ," ಎಂದರು. ಮಾತು ಬಿಟ್ಟಿದ್ದ ತಮ್ಮ ಎದುರಿಗೆ ಬಂದು ಕೂತದ್ದೇ ಒಡತಿಗೆ ದೊಡ್ಡದಾಗಿತ್ತು, ಅವರು ತಮ್ಮನ ಮಾತಿಗೆ ಎದುರಾಡಲಿಲ್ಲ. ಅವನು ನನ್ನ ಫಂಕ್ಷನನ್ನು ಅಲ್ಲೇ, ನನ್ನ ಕಣ್ಣೆದುರೇ ಅಳಿಸಿದ. ನಾನು ಹನುಮಂತನಗರದ ಮನೆಗೆ ಹೋಗಿ, ಎರಡೂ ಕಡೆಯ ಮಾಹಿತಿಯ ಪ್ರತಿ ತೆಗೆದಿಟ್ಟುಕೊಂಡೆ. ಮುನ್ನೆಚ್ಚರಿಕೆ ಎನ್ನುವುದಕ್ಕಿಂತ ಅದು ಹಗೆ. ಅವನು ಮುಗ್ಗರಿಸುವುದನ್ನು ನೋಡಬೇಕೆಂಬ ಆಸೆ ನನಗೆ ಬಲವಾಗಿತ್ತು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಚಾಮರಾಜಪೇಟೆಯಿಂದ ಒಬ್ಬ ಹೆಂಗಸು ಬಂದರು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಲ್ಲಾದರೂ ಕೂಡಿಬರಲಿ ಎಂದು ಮಗಳ ವಿವರವನ್ನು ಎರಡೂ ಕೇಂದ್ರಗಳಲ್ಲಿ ಕೊಟ್ಟಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಮ್ಮಲ್ಲೇ ಮುದ್ರಿಸಿದ ಹಾಳೆಯೊಂದನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟರು.

"ಓದಿ."

ಓದಿದೆ. ನಕ್ಷತ್ರ, ಗೋತ್ರ, ಓದು, ಉದ್ಯೋಗ ಎಲ್ಲ ಸರಿಯಾಗಿತ್ತು. ತಂದೆಯ ಹೆಸರಿತ್ತು. ಅದರ ಕೆಳಗಿನ ಸಾಲು: 'ತಾಯಿ: ಇಲ್ಲ.' ಖಾಲಿ ಇರುವ ಖಾನೆಗೆ 'ಇಲ್ಲ' ಎಂದು ಮುದ್ರಿಸುವುದು ನಮ್ಮ ಹಾಳೆಯ ಹಳೆಯ ರೂಢಿ. ಅಣ್ಣತಮ್ಮಂದಿರು ಇಲ್ಲದವರಿಗೆ ಅದು ಸರಿಹೋಗುತ್ತಿತ್ತು.

"ಹಂಗಾದ್ರೆ ನಾನ್ಯಾರು?" ಎಂದು ಕೇಳಿದರು.

ಆದದ್ದು ಇಷ್ಟು. ಕುಮಾರ ಪಾರ್ಕಿನ ಗಂಡಿನ ಕಡೆಯವರು ಈ ಹಾಳೆ ನೋಡಿ ಒಪ್ಪಿ, ಮಾತಾಡಲು ಫೋನ್ ಮಾಡಿದ್ದರು. ಫೋನ್ ತೆಗೆದವರು ಈ ತಾಯಿ. ಬದುಕಿರುವ ತಾಯಿಯನ್ನು ಇಲ್ಲ ಎಂದು ಬರೆಸಿದ್ದಾರೆಂದರೆ ಆ ಮನೆಯಲ್ಲಿ ಏನೋ ಇರಬೇಕು, ಗಂಡ ಹೆಂಡತಿ ಬಿಟ್ಟಿರಬೇಕು ಎಂದು ಅವರೇ ತೀರ್ಮಾನಿಸಿ, ಬೇಡವೆಂದು ಹೇಳಿ ಕಳಿಸಿದರು.

"ಅಂಥವರು ಹೋಗಿದ್ದೇ ಒಳ್ಳೇದಾಯ್ತು," ಎಂದರು ಆಕೆ. "ಆದ್ರೆ ನನ್ನನ್ನ ಅಳಿಸೋಕೆ ನೀವ್ಯಾರು?"

ಒಡತಿ ಒಳಗಿನಿಂದ ಓಡಿಬಂದು ಕಾಫಿ ತರಿಸುತ್ತೇನೆಂದರು.

"ಕಾಫಿ ನಮ್ಮನೇಲಿದೆ."

ಎರಡೂ ಕಡೆ ಹೆಸರು ಕೊಟ್ಟಿದ್ದವರ ವಿವರಗಳನ್ನು ಒಂದೊಂದಾಗಿ ತೆರೆದೆ. ಒಬ್ಬ ತಾಯಿಯೂ ಉಳಿದಿರಲಿಲ್ಲ. ಹಳೆಯ ಮಾಹಿತಿಯ ಮೇಲೆಯೇ ಹೊಸದನ್ನು ಬರೆದಿದ್ದರಿಂದ ಹಿಂದಕ್ಕೆ ಹೋಗುವ ದಾರಿಯನ್ನೂ ಅವನು ಮುಚ್ಚಿದ್ದ. ಗೆದ್ದೆ ಎಂದು ಒಳಗೊಳಗೇ ಹಿಗ್ಗಿದೆ. ತಲೆ ಎತ್ತಿದರೆ ಆಕೆ ಇನ್ನೂ ನಿಂತೇ ಇದ್ದರು. ಹಿಗ್ಗು ಇಳಿದುಹೋಯಿತು, ಸಿಟ್ಟು ಮಾತ್ರ ಉಳಿಯಿತು. ನನ್ನಲ್ಲಿದ್ದ ಪ್ರತಿಯನ್ನು ತಂದು, ನನ್ನ ಹಳೆಯ ಫಂಕ್ಷನನ್ನೇ ಓಡಿಸಿ, ಮಧ್ಯಾಹ್ನದೊಳಗೆ ಎಲ್ಲರನ್ನೂ ವಾಪಸು ತಂದೆ. ಅಲ್ಲಿಯವರೆಗೂ ಕಾದಿದ್ದ ಆಕೆಗೆ ಅವರ ಹೆಸರನ್ನು ತೆರೆಯ ಮೇಲೆ ತೋರಿಸಿದೆ.

"ಸರಿ. ಈಗ ನನ್ನ ಮಗಳ ವಿವರ ಪೂರ್ತಿ ತೆಗೆದುಹಾಕಿ. ನನ್ನೆದುರಿಗೇ."

ತೆಗೆದೆ.

"ಬಸವನಗುಡೀಲಿ?"

ಅಲ್ಲಿ ಉಳಿದಿದ್ದ ಹಳೆಯ ಪ್ರತಿಯನ್ನು ತೆಗೆಯಬೇಕಾದವನು ಅವನು. ಸ್ಪೀಕರಿಗೆ ಹಾಕಿ ಫೋನ್ ಮಾಡಿ, ನಡೆದದ್ದನ್ನು ಹೇಳಿದೆ.

"ಅದು ಡೇಟಾ ಪ್ರಾಬ್ಲಂ ಮೇಡಂ," ಎಂದ. "ಕೋಡ್ ಸರಿಯಾಗೇ ಇದೆ. ಇಂಥದ್ದೆಲ್ಲ ಅಪರೂಪದ ಕೇಸು."

ಆಕೆ ಫೋನಿನ ಹತ್ತಿರಕ್ಕೆ ಬಗ್ಗಿದರು. "ಮಕ್ಕಳಿಗೆ ತಾಯಿ ಇರೋದು ಅಪರೂಪಾನೇನಪ್ಪ?"

ಹೊಸ ದನಿ ಕೇಳಿ ಅವನು ನನ್ನನ್ನೇ ಕೇಳಿದ.

"ಯಾರು ಮಾತಾಡ್ತಿರೋದು?"

"ನೀವು ಇಲ್ಲ ಅಂದವರು. ತೆಗೀರಿ, ಕಾಯ್ತೀನಿ."

ಅವನು ತೆಗೆದ. "ಆಯ್ತು" ಎಂದನೇ ಹೊರತು 'ತಪ್ಪಾಯಿತು' ಎನ್ನಲಿಲ್ಲ. ಆಕೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ನನ್ನತ್ತ ನೋಡಿದರು. ನಾನು ಮೊದಲೇ ಎಚ್ಚರಿಸಿದ್ದೆ, ನನ್ನ ಕೋಡನ್ನು ಅಳಿಸಿದವನು ಅವನು ಎಂದೆಲ್ಲ ಹೇಳಲು ಬಾಯಿ ತೆರೆದೆ.

"ನೀವು ನೀವು ಏನಾದ್ರೂ ಮಾಡ್ಕೊಳ್ಳಿ," ಎಂದು ಅವರು ಮೆಟ್ಟಿಲಿಳಿದು ಹೋದರು. ಥ್ಯಾಂಕ್ಸ್ ಹೇಳುತ್ತಾರೆಂದು ಕಾದಿದ್ದೆನೇನೋ. ಅವರ ಪಾಲಿಗೆ ಅವನೂ ನಾನೂ ಒಂದೇ ಎಂಬುದು ನನಗೆ ಇವತ್ತಿಗೂ ಸಹ್ಯವಾಗಿಲ್ಲ.

ಆ ವಾರ ಅಕ್ಕ ತಮ್ಮ ಮತ್ತೆ ಎದುರುಬದುರು ಕೂತರು. ತಮ್ಮ ತನ್ನ ಹುಡುಗನನ್ನು ಬಿಟ್ಟುಕೊಡಲಿಲ್ಲ. ಅಕ್ಕ ಈ ಸಲ ಸುಮ್ಮನಿರಲಿಲ್ಲ. "ಅವತ್ತು ನಮ್ಮ ಪ್ರೋಗ್ರಾಮರ್ ಇದನ್ನೇ ಹೇಳಿದ್ರು. ನೀನು ಹೊಸ ಕಾಲ ಅಂದೆ. ನಾನೂ ಸುಮ್ಮನಿದ್ದೆ," ಎಂದರು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು. ಆದರೂ ಕೇಂದ್ರಗಳು ಮತ್ತೆ ಬೇರೆಯಾಗಲಿಲ್ಲ. ಬೇರೆಯಾಗಿ ಬದುಕುವ ಶಕ್ತಿ ಎರಡಕ್ಕೂ ಇರಲಿಲ್ಲ. ನನ್ನ ಫಂಕ್ಷನ್ ಉಳಿಯಿತು, ಅವನೂ ಉಳಿದ.

"ಸ್ವಲ್ಪ ಹೊಂದ್ಕೊಂಡು ಹೋಗಿ," ಎಂದು ಒಡತಿ ಹೇಳಿ ನೋಡಿದರು.

"ಕೆಲಸ ಮಾಡ್ತೀನಿ. ಹೊಂದ್ಕೊಳೋದು ಆಗಲ್ಲ," ಎಂದೆ.

ಈಗ ಅವನು ಅಲ್ಲಿಂದ, ನಾನು ಇಲ್ಲಿಂದ ಕೆಲಸ ಮಾಡುತ್ತೇವೆ. ಮಾತಿಲ್ಲ. ನನ್ನ ಫಂಕ್ಷನಿನ ತಲೆಯ ಮೇಲೆ ಒಂದು ದಿನ ಅವನು ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದ: 'ಈ ಭಾಗ ನಾನು ಬರೆದದ್ದಲ್ಲ.' ಅದರ ಕೆಳಗೆ ನಾನೂ ಒಂದು ಸಾಲು ಸೇರಿಸಿದೆ: 'ಮುಟ್ಟಲೂ ಬೇಡಿ.'