ಮೊಣಕಾಲ ಮಟ್ಟದ ಲಂಡನ್

ನಾನು ಲಂಡನ್ ನೋಡಿದ್ದೇನೆ. ಮೊಣಕಾಲ ಮಟ್ಟದವರೆಗೆ ನೋಡಿದ್ದೇನೆ. ಅದರ ಮೇಲೆ ಏನೇನಿದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆ. ಆ ಚಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದನ್ನು ನಿಮ್ಮೆದುರು ಒಪ್ಪಿಕೊಂಡರೆ ಹೊಟ್ಟೆ ಸ್ವಲ್ಪ ಹಗುರಾದೀತು.

ಮೂಲ ತಪ್ಪು ನನ್ನದಲ್ಲ, ನನ್ನ ಕತ್ತಿನದು. ತಾಂಡೂರಿನಲ್ಲಿ ನಾನು ಪರಸಿ ಹಾಸುವವನು. ಪರಸಿ ಎಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತವನು, ಅಂದಿನಿಂದ ತಲೆ ಎತ್ತಿದ್ದು ಕಡಿಮೆ. ಮಟ್ಟ ಸರಿಯಿದೆಯೇ, ಸಂದಿ ಒಂದೇ ಸಮ ಇದೆಯೇ, ಕೆಳಗೆ ಪೊಳ್ಳಾಗಿದೆಯೇ, ಇದೇ ನನ್ನ ಲೋಕ. ಹೆಣ್ಣು ನೋಡಲು ಹೋದಾಗ ಕೂಡ ನಾನು ನೋಡಿದ್ದು ಅವರ ಪಡಸಾಲೆಯನ್ನು. ಹೊರಗೆ ಬಂದ ಮೇಲೆ ಹುಡುಗಿ ಹೆಂಗದಾಳೋ ಎಂದು ಕೇಳಿದರೆ, "ಸಂದಿ ಒಂದೀಟು ಅಗಲ, ಆದ್ರ ನಡೀತದ" ಎಂದೆನಂತೆ. ಈ ಮಾತನ್ನು ನನ್ನ ಹೆಂಡತಿಗೆ ಯಾರೋ ಮುಟ್ಟಿಸಿದ್ದಾರೆ. ಅವಳ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳುವ ಹಕ್ಕನ್ನು ನಾನು ಅಂದೇ ಕಳೆದುಕೊಂಡೆ.

ಇಂಥವನು ದೇಶ ನೋಡಿದ್ದು ಸಾವ್ಕಾರರಿಂದ. ನಮ್ಮ ಸಾವ್ಕಾರರು ಪರದೇಶಕ್ಕೆ ಕಲ್ಲು ಕಳಿಸುತ್ತಾರೆ. ಅಲ್ಲಲ್ಲಿ ಕಲ್ಲಿನ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿ ನಮಗೆ ಕೊಟ್ಟ ಮಳಿಗೆಯಷ್ಟು ಜಾಗಕ್ಕೆ ಮಾದರಿ ನೆಲ ಹಾಸಿ ತೋರಿಸಬೇಕು, ಅದಕ್ಕೆ ನಾನು. ಹಗಲು ನೆಲ ಹಾಸುವುದು. ಸಂಜೆಯಾದರೆ ಸಾವ್ಕಾರರು ಕೋಟು ಹಾಕಿಕೊಂಡು, "ನಡಿಯೋ ಸಂಗಪ್ಪ, ಡೌನ್‌ಟೌನ್ ನೋಡಿ ಬರೂಣು" ಎನ್ನುತ್ತಿದ್ದರು. ಡೌನ್‌ಟೌನ್ ಎಂದರೆ ಮತ್ತೇನಲ್ಲ, ನಮ್ಮ ಕಡೆಯ ಚೌರಸ್ತಾ. ಊರೆಲ್ಲ ಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಜಾಗ.

ಹೀಗೆ ನಾನು ಜಗತ್ತಿನ ದೊಡ್ಡ ದೊಡ್ಡ ಚೌರಸ್ತಾಗಳನ್ನು ಹೋಲಿಸಿ ನೋಡಿದವನು. ಲಂಡನ್ನಿನಲ್ಲಿ ಅಗಲವಾದ ಬೂದಿ ಬಣ್ಣದ ಚಪ್ಪಡಿಗಳು. ಮಳೆ ಬಿದ್ದರೂ ಕಾಲು ಜಾರುವುದಿಲ್ಲ. ರೋಮಿನಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕರಿ ಕಲ್ಲುಗಳು, ಹೆಂಗಸರು ಎತ್ತರದ ಚಪ್ಪಲಿ ಹಾಕಿ ಅದರ ಮೇಲೆ ನಡೆಯುವುದನ್ನು ನೋಡಿದರೆ ನಮ್ಮ ಕಡೆ ಕೆಂಡ ಹಾಯುವವರು ಏನೂ ಅಲ್ಲ. ಅಲ್ಲಿ ಒಂದು ಬಾಗಿಲ ಮುಂದೆ ನಿಂತು ಹೊಸ್ತಿಲಿನ ಸವಕಲು ನೋಡಿ ತಲೆದೂಗಿದೆ. ಆಮೇಲೆ ಸಾವ್ಕಾರರು ಹೇಳಿದರು, ಅದು ಜಗತ್ತೇ ನೋಡಲು ಬರುವ ಹಳೆಯ ಗುಡಿಯಂತೆ, ಮೇಲೆ ಭಾರೀ ಗುಮ್ಮಟವಂತೆ. ಇರಬಹುದು.

ಸಿಂಗಪುರದಲ್ಲಿ ನನ್ನ ಕತ್ತು ಒಂದು ಸಣ್ಣ ಗಲಾಟೆಯನ್ನೇ ಎಬ್ಬಿಸಿತು. ಒಂದು ಕಲ್ಲು ಪೊಳ್ಳೆಂದು ಅನುಮಾನ ಬಂದು ಹಿಮ್ಮಡಿಯಿಂದ ತಟ್ಟಿ ನೋಡುತ್ತಿದ್ದೆ. ಕಾವಲುಗಾರನೊಬ್ಬ ಬಂದು ಏನೋ ಕೇಳಿದ. ನನಗೆ ಗೊತ್ತಿರುವ ಇಂಗ್ಲಿಷು 'ಯಸ್' ಒಂದೇ, ಅದನ್ನೇ ಅಂದೆ. ಅವನೂ ಬಗ್ಗಿ ಹುಡುಕತೊಡಗಿದ. ಒಬ್ಬ ಹೆಂಗಸು ನಿಂತು ತನ್ನ ಬೆರಳಿನ ಉಂಗುರ ತೋರಿಸಿ ಏನೋ ಕೇಳಿದಳು. ಅದಕ್ಕೂ ಯಸ್. ನೋಡುನೋಡುತ್ತ ಹತ್ತಾರು ಮಂದಿ ಸೇರಿ, ನಾನು ಕಳೆದುಕೊಳ್ಳದ ಉಂಗುರವನ್ನು ಹುಡುಕಲು ನಿಂತರು. ಕೊನೆಗೆ ಒಬ್ಬ ಮುದುಕನಿಗೆ ಅಂಗಿಯ ಗುಂಡಿಯೊಂದು ಸಿಕ್ಕಿತು. ಅದನ್ನು ನನ್ನ ಕೈಯಲ್ಲಿಟ್ಟಾಗ, ಅಷ್ಟು ಮಂದಿಯ ಮುಖ ನೋಡಿ ನಾನು ಕಣ್ಣಿಗೆ ಒತ್ತಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಊರುಗಳ ಲೆಕ್ಕಕ್ಕೆ ಬಂದರೆ, ಜಹೀರಾಬಾದಿನ ಚೌರಸ್ತಾ ಶುಂಠಿ ವಾಸನೆಯದು, ಹೆದ್ದಾರಿಯ ಲಾರಿಗಳ ಎಣ್ಣೆ ಕುಡಿದ ನೆಲ. ತಾಂಡೂರಿನದು ಬಿಳಿ ಧೂಳು. ಜಗತ್ತಿಗೆಲ್ಲ ನೆಲ ಕೊಡುವ ಊರಿಗೆ ತನ್ನ ನೆಲದ ಮೇಲೆ ಅಷ್ಟು ಗಮನವಿಲ್ಲ. ನಾರಾಯಣಖೇಡದ ಚೌರಸ್ತಾ ಮೂರರಲ್ಲಿ ಚಿಕ್ಕದು. ಆದರೆ ಅದರ ಮೇಲೊಂದು ಕಣ್ಣು ಸದಾ ಇರುತ್ತದೆ. ಅದು ನನ್ನ ಅಕ್ಕ ಇಂದುಬಾಯಿಯದು.

ಕೆಳಗೆ ಮಾಮಾನ, ಎಂದರೆ ಅಕ್ಕನ ಗಂಡನ ಭಾಂಡೆ-ಪಾತ್ರೆ ಅಂಗಡಿ. ಮೇಲೆ ಅವರ ಮನೆ. ಅಕ್ಕನಿಗೆ ಮಾಳಿಗೆಯ ಮೇಲೆ ಪ್ರೀತಿ ಹುಟ್ಟಿದ್ದು ಚಿಕ್ಕಂದಿನಲ್ಲಿ. ನಮ್ಮದು ಕೊಹೀರ್ ಹತ್ತಿರದ ಹಳ್ಳಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕನೇ. ಜಹೀರಾಬಾದಿನ ಸಂತೆಗೆ ಕೈ ಹಿಡಿದು ಕರೆದೊಯ್ಯುತ್ತಿದ್ದಳು. ನಾನು ನೆಲ ನೋಡುತ್ತ ನಡೆಯುತ್ತಿದ್ದೆ, ಅವಳು ಅಂಗಡಿಗಳ ಮೇಲಿನ ಕಿಟಕಿಗಳನ್ನು ನೋಡುತ್ತ ನಡೆಯುತ್ತಿದ್ದಳು. ಯಾರಿರುತ್ತಾರೆ ಅಲ್ಲಿ, ಏನು ಅಡುಗೆ, ಅರಿವೆ ಎಲ್ಲಿ ಒಣಹಾಕುತ್ತಾರೆ, ಇದೇ ಅವಳ ಚಿಂತೆ. ಇಬ್ಬರೂ ಎದುರಿಗೆ ನೋಡದೆ ಎಷ್ಟು ಸೈಕಲ್ಲುಗಳಿಗೆ ಡಿಕ್ಕಿ ಹೊಡೆದಿದ್ದೇವೋ.

ಆದ್ದರಿಂದ ನಾನು ಪರದೇಶದಿಂದ ಬಂದಾಗಲೆಲ್ಲ ಅಕ್ಕನ ಪ್ರಶ್ನೆ ಅದೊಂದೇ: "ಅಲ್ಲಿ ಚೌರಸ್ತಾದಾಗ ಅಂಗಡಿ ಮ್ಯಾಲ ಯಾರಿರ್ತಾರೋ ತಮ್ಮಾ? ಅರಿವಿ ಎಲ್ಲಿ ಒಣಹಾಕ್ತಾರ?"

ಫೋನಿನಲ್ಲಿ ನೋಡಿದರಾಗದೇ ಎಂದು ನೀವು ಕೇಳಬಹುದು. ಮಾಮಾನೂ ಕೇಳಿದರು. ಅಕ್ಕ ಹೇಳಿದಳು, "ಫೋನು ತನಗ ಬೇಕಾದ್ದು ತೋರಸ್ತದ. ನಾ ಕೇಳಿದ್ದಕ್ಕ ಜವಾಬು ಕೊಡ್ತದೇನ್ರಿ?"

ಸಾಕಿದ ಅಕ್ಕ. ಅವಳ ಒಂದೇ ಪ್ರಶ್ನೆಗೆ "ನಾ ಮ್ಯಾಲ ನೋಡಲೇ ಇಲ್ಲ" ಎನ್ನಲು ನಾಲಿಗೆ ಏಳಲಿಲ್ಲ. ಮೊದಲ ಸುಳ್ಳು ಸಿಂಗಪುರದ್ದು. "ಕಿಟಕಿಯಿಂದ ಉದ್ದ ಬಿದಿರು ಕೋಲು ಹೊರಗ ಚಾಚಿ ಅದರ ಮ್ಯಾಲ ಒಣಹಾಕ್ತಾರ ಅಕ್ಕ" ಎಂದೆ. ಬಾಯಿಗೆ ಬಂದದ್ದು. ಕೆಲವು ದಿನಗಳಾದ ಮೇಲೆ ಸಾವ್ಕಾರರ ಫೋಟೋಗಳಲ್ಲಿ ನೋಡಿದರೆ, ಸುಡುಗಾಡು, ಅಲ್ಲಿ ನಿಜವಾಗಿಯೂ ಹಾಗೇ ಒಣಹಾಕುತ್ತಾರೆ! ನನ್ನನ್ನು ಕೆಡಿಸಿದ್ದು ಆ ಸತ್ಯವೇ. ನಾನು ಏನು ಊಹಿಸಿದರೂ ಜಗತ್ತು ಅದಕ್ಕೆ ಒಪ್ಪುತ್ತದೆ ಎಂಬ ಧೈರ್ಯ ಬಂತು.

ಲಂಡನ್ನಿನ ದೊಡ್ಡ ಗಡಿಯಾರದ ಗೋಪುರದಲ್ಲಿ ಒಂದು ಸಂಸಾರ ಇಟ್ಟೆ. ತಲೆತಲಾಂತರದಿಂದ ಗಡಿಯಾರಕ್ಕೆ ಕೀಲಿ ಕೊಡುವ ಮನೆತನ. ಹೊಸದಾಗಿ ಬಂದ ಸೊಸೆಗೆ ಗಂಟೆಯ ಸದ್ದಿಗೆ ನಿದ್ದೆಯಿಲ್ಲ. ಅಕ್ಕ ಬಾಯಿ ಮೇಲೆ ಸೆರಗಿಟ್ಟುಕೊಂಡು ಕೇಳಿದಳು. ಮುಂದೆ ನಾನು ಹೋದಾಗಲೆಲ್ಲ, "ಆ ಹುಡುಗಿಗಿ ನಿದ್ದಿ ಬರಾಕ ಹತ್ತಿತೇನೋ?" ಎಂದು ವಿಚಾರಿಸುತ್ತಿದ್ದಳು. ನಾನು ಸೊಸೆಯ ಕಿವಿಗೆ ಹತ್ತಿ ಕೊಟ್ಟೆ.

ದುಬೈಗೆ ಹೋಗಿ ಬಂದ ಹೊತ್ತಿಗೆ ಸುಳ್ಳಿನಲ್ಲಿ ನನ್ನ ಕೈ ಪಳಗಿತ್ತು. ಜಗತ್ತಿನಲ್ಲೇ ಎತ್ತರದ ಕಟ್ಟಡದ ಮಾಳಿಗೆಯ ಮೇಲೆ ಹೆಂಗಸರು ಸಂಡಿಗೆ ಒಣಹಾಕುತ್ತಾರೆ ಎಂದೆ.

ಅಕ್ಕ ದಡ್ಡಿಯಲ್ಲ. ಅಡ್ಡಪ್ರಶ್ನೆ ಹಾಕಿದಳು. "ಗಾಳಿಗಿ ಹಾರಾಂಗಿಲ್ಲೇನೋ?"

"ಅರಿವಿ ಮೂಲಿಗಿ ಕಲ್ಲು ಇಡ್ತಾರಕ್ಕ."

"ಎಂಥಾ ಕಲ್ಲು?"

"ನಮ್ಮ ತಾಂಡೂರಿನವೇ."

ಅಲ್ಲಿಗೆ ಅವಳ ಅನುಮಾನ ಹೋಯಿತು. ಕಲ್ಲಿನ ವಿಷಯದಲ್ಲಿ ತಮ್ಮ ಸುಳ್ಳು ಹೇಳುವವನಲ್ಲ.

ಈಗ ನನ್ನ ಕರ್ಮ ನೋಡಿ. ಆಮೇಲೆ ಅಕ್ಕನ ಮಗಳು ಸವಿತಾ ಅತ್ತೆಯ ಮನೆಯಿಂದ ದುಬೈಗೆ ಹೋದಳು, ಅಳಿಯ ಅಲ್ಲಿ ಕ್ರೇನ್ ನಡೆಸುತ್ತಾನೆ. ಸವಿತಾಗೆ ದಿನ ತುಂಬಿದವು, ಬಾಣಂತನಕ್ಕೆ ಅಕ್ಕ ಹೊರಟಳು. ಬೀಳ್ಕೊಡಲು ಮಧ್ಯಾಹ್ನ ನಾರಾಯಣಖೇಡಕ್ಕೆ ಹೋದರೆ, ಅಕ್ಕ ಚೀಲ ತುಂಬುತ್ತಿದ್ದಾಳೆ. ಖಾರದ ಪುಡಿ, ಅಂಟಿನುಂಡೆ, ಕೂಸಿನ ತಲೆಗೆ ಕುಂಚಿಗೆ. ಅದರ ಕೆಳಗೆ ಸಂಡಿಗೆಯ ಹಿಟ್ಟು, ಒತ್ತುವ ಒರಳು, ಹಾಸಲು ಹಳೆಯ ಧೋತರ.

"ಕಾಗಿ ಹೊಡಿಯೋ ಕೋಲು ಒಂದ್ ಬಿಟ್ಟೀನಿ" ಎಂದಳು. "ಅಷ್ಟು ಎತ್ತರಕ್ಕ ಕಾಗಿ ಬರಾಂಗಿಲ್ಲಂತ ನೀನೇ ಅಂದಿದ್ದಿ."

ಅಷ್ಟರಲ್ಲಿ ಮಾಮಾ ಇನ್ನೊಂದು ಸುದ್ದಿ ಕೊಟ್ಟರು. ಓಣಿಯ ಹೆಂಗಸರಿಗೆಲ್ಲ ಅಕ್ಕ ಮಾತು ಕೊಟ್ಟಿದ್ದಾಳೆ, ಬರುವಾಗ ಜಗತ್ತಿನ ತುದಿಯಲ್ಲಿ ಒಣಗಿದ ಸಂಡಿಗೆ ತರುತ್ತೇನೆಂದು. ನನ್ನ ಕಣ್ಣ ಮುಂದೆ ಒಂದು ಚಿತ್ರ ಬಂತು. ಹಿಟ್ಟಿನ ಡಬ್ಬಿ, ಧೋತರ ಹಿಡಿದು ಅಕ್ಕ ಆ ಕಟ್ಟಡದ ಬಾಗಿಲಲ್ಲಿ ನಿಂತಿದ್ದಾಳೆ, ಅಳಿಯನ ಗೆಳೆಯರೆಲ್ಲ ನಗುತ್ತಿದ್ದಾರೆ.

ನೆಲ ನೋಡುತ್ತಲೇ ಹೇಳಿಬಿಟ್ಟೆ. ಅಕ್ಕ, ಅಲ್ಲಿ ಯಾರೂ ಸಂಡಿಗೆ ಒಣಹಾಕುವುದಿಲ್ಲ. ನಾನು ಯಾವ ಊರಲ್ಲೂ ತಲೆ ಎತ್ತಲಿಲ್ಲ. ಎಲ್ಲ ನಾನೇ ಹುಟ್ಟಿಸಿದ್ದು.

ಅಕ್ಕ ಧೋತರದ ಮಡಿಕೆ ಬಿಚ್ಚಿ ಮತ್ತೆ ಮಡಿಚಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಂಗಾದ್ರ ಆ ಗಡಿಯಾರದ ಮನಿ ಸೊಸಿ?"

"ಇಲ್ಲಕ್ಕ."

"ಇಲ್ಲೇ ಇಲ್ಲ?"

"ಇಲ್ಲೇ ಇಲ್ಲ."

ಅಕ್ಕನ ಕಣ್ಣು ತುಂಬಿದವು. ಒಬ್ಬ ಹೆಣ್ಣುಮಗಳನ್ನು ಕೊಂದೆನೇನೋ ಎನ್ನಿಸಿತು. "ಸವಿತಾ ಅತ್ತಿ ಕೂಡ ಜಗಳಾಡಿ ತವರಿಗಿ ಬಂದಾಗ ನಾ ಏನಂದಿದ್ದೆ ಗೊತ್ತೇನೋ? ಆ ಲಂಡನ್ ಹುಡುಗಿ ತಲಿ ಮ್ಯಾಲ ಗಡಿಯಾರಾನೇ ಹೊತ್ತು ಸಂಸಾರ ಮಾಡಾಕತ್ತಾಳ, ನಿನಗೇನು ಧಾಡಿ, ಒಬ್ಬ ಅತ್ತಿ ಇದ್ದಾಳ ಅಂದಿದ್ದೆ. ಅದನ್ನ ಕೇಳೇ ಆಕಿ ತಿರುಗಿ ಹೋದ್ಲು."

"ಹೋದದ್ದು ಛಲೋನೇ ಆತಲ್ಲಕ್ಕ" ಎಂದೆ, ಹೇಳಬಾರದ ಹೊತ್ತಿನಲ್ಲಿ.

"ಏಳು. ನಿನ್ನ ಬಸ್ಸಿಗಿ ಹೊತ್ತಾತು" ಎಂದಳು. ಹಿಟ್ಟನ್ನು ಚೀಲದಿಂದ ತೆಗೆಯಲಿಲ್ಲ. ನನ್ನತ್ತ ತಿರುಗಲೂ ಇಲ್ಲ.

ಅಕ್ಕ ವಿಮಾನ ಹತ್ತಿದಳು. ಅವಳಿಂದ ನನಗೆ ಫೋನಿಲ್ಲ, ಸುದ್ದಿಯಿಲ್ಲ. ಸವಿತಾ ಹೆತ್ತದ್ದನ್ನೂ ನನಗೆ ಹೇಳಿದವರು ಮಾಮಾ. ಆ ದಿನಗಳಲ್ಲಿ ನಾನು ಹಾಸಿದ ನೆಲಗಳನ್ನು ನೀವು ನೋಡಬಾರದು. ನೀರು ಅಡುಗೆಮನೆಯಿಂದ ಹೊರಟು ದೇವರ ಕೋಣೆಯಲ್ಲಿ ನಿಲ್ಲುತ್ತಿತ್ತು.

ಒಂದು ಸಂಜೆ ಅಳಿಯನ ಫೋನಿನಿಂದ ವಿಡಿಯೊ ಕಾಲ್ ಬಂತು. ಎತ್ತಿದರೆ ಮುಖವಿಲ್ಲ, ಬರೀ ನೆಲ.

"ಕಾಣಸ್ತದೇನೋ?" ಅಕ್ಕನ ದನಿ. "ಆ ದೊಡ್ಡ ಕಟ್ಟಡದ ಮುಂದ ನಿಂತೀನಿ."

"ಅಕ್ಕ, ಫೋನು ಮ್ಯಾಲೆತ್ತು. ನನಗ ನೆಲ ಕಾಣಾಕತ್ತದ."

"ನಿನಗ ಬೇಕಾದ್ದು ಅದೇ ಅಲ್ಲೇನು? ಮ್ಯಾಲಿಂದು ನಾ ನೋಡಾಕತ್ತೀನಿ."

"ಮ್ಯಾಲೇನದ ಅಕ್ಕ?"

"ಏನಿಲ್ಲೋ ತಮ್ಮಾ, ಬರೇ ಕಾಜು, ಕನ್ನಡಿಯಂಗ ಮಿಂಚ್ತದ. ಒಂದ್ ಅರಿವಿ ಇಲ್ಲ, ಒಂದ್ ತಂಬಿಗಿ ಇಲ್ಲ, ಕಿಟಕ್ಯಾಗ ಒಂದ್ ಮುಖ ಇಲ್ಲ. ಕತ್ತು ನೋಯಾಕತ್ತದ. ಸಂಡಿಗಿ ಸವಿತಾನ ಮನಿ ಬಾಲ್ಕನಿ ಕಟಾಂಜನದಾಗೇ ಒಣಗಿಸೀನಿ. ಓಣಿಯವ್ರಿಗಿ ಏನ್ ಹೇಳ್ಲಿ ಈಗ?"

"ಖರೆ ಹೇಳಕ್ಕ" ಎಂದೆ, ಬುದ್ಧಿ ಬಂದವನಂತೆ.

"ಬರೇ ಕಾಜು ಅದ ಅಂತ ಹೇಳಿ ಅವ್ರ ಬಾಯಿ ರುಚಿ ಕೆಡಸ್ಲೇನೋ? ನಾ ಏನರೆ ಹೇಳ್ಕೋತೀನಿ, ನೀ ನಡುವ ಬಾಯಿ ಹಾಕಬ್ಯಾಡ ಅಷ್ಟೇ."

ಅಕ್ಕ ನಡೆಯತೊಡಗಿದಳು, ಫೋನು ಕೆಳಮುಖವಾಗಿಯೇ ಇತ್ತು. ಜಗತ್ತಿನ ಅಷ್ಟೆಲ್ಲ ಊರುಗಳ ನೆಲದ ಮೇಲೆ ಎಷ್ಟೋ ಬೂಟು, ಎಷ್ಟೋ ಚಪ್ಪಲಿ ನೋಡಿದ್ದೇನೆ. ಯಾವುದೂ ಯಾರದೆಂದು ಗೊತ್ತಿರಲಿಲ್ಲ. ಅಕ್ಕನ ಈ ಕಾಲುಗಳು ಗೊತ್ತಿದ್ದವು. ಬಾಣಂತನ ಮಾಡಿ ಸ್ವಲ್ಪ ಬಾತಿದ್ದವು. ಕಾಲುಂಗುರ ಹಿಂದೆ ಸರಿದಿತ್ತು. ಮೇಲೆ ನೋಡುತ್ತ ನಡೆಯುವವರ ಕಾಲು ಹೇಗೆ ತಡವರಿಸುತ್ತದೋ ಹಾಗೆ ತಡವರಿಸುತ್ತ ಮುಂದೆ ಬರುತ್ತಿದ್ದವು.

"ಮತ್ತ, ಹೇಳೋ" ಎಂದಳು ಅಕ್ಕ, "ಕಲ್ಲು ಹೆಂಗದ?"

ನಾನು ಕಲ್ಲು ನೋಡಿರಲೇ ಇಲ್ಲ.

"ಬಾಳ ಛಲೋ ಅದ ಅಕ್ಕ" ಎಂದೆ.