ನಡುಮನೆ ದೀಪಕ್ಕೆ ಮೂರು ಸ್ವಿಚ್ಚು

ನಮ್ಮತ್ತೆಯ ಬಲಗೈ ಹೆಬ್ಬೆರಳು ಹಾಲು ಕರೆದೂ ಕರೆದೂ ಹೊರಕ್ಕೆ ಬಾಗಿಕೊಂಡಿತ್ತು. ಸ್ವಿಚ್ಚು ಒತ್ತುವುದಕ್ಕೂ ಅವರಿಗೆ ಅದೇ ಬೆರಳು. ತೊಣ್ಣೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿದಾಗ ನಡುಮನೆಯ ಒಂದೇ ದೀಪಕ್ಕೆ ಮೂರು ಕಡೆ ಸ್ವಿಚ್ಚು ಬೇಕೆಂದು ಹಟ ಹಿಡಿದವರೂ ಅವರೇ. ಮುಂಬಾಗಿಲಲ್ಲೊಂದು, ಅಡುಗೆಮನೆಯ ಪಕ್ಕ ಒಂದು, ಕೊಟ್ಟಿಗೆಗೆ ಹೋಗುವ ಹಿಂಬಾಗಿಲಲ್ಲೊಂದು. ಎಲ್ಲಿಂದ ಬೇಕಾದರೂ ಹಾಕಬಹುದು, ಎಲ್ಲಿಂದ ಬೇಕಾದರೂ ಆರಿಸಬಹುದು.

ಗೊಂದಲ ಶುರುವಾದದ್ದು ಅಲ್ಲಿಂದಲೇ. ಸ್ವಿಚ್ಚು ಕೆಳಗಿದ್ದರೂ ದೀಪವಿಲ್ಲ, ಮೇಲಿದ್ದರೂ ಉರಿಯುತ್ತದೆ! ಮುಸ್ಸಂಜೆ ಅತ್ತೆ ಮುಂಬಾಗಿಲಲ್ಲಿ ದೀಪ ಹಾಕಿ ಕೈ ಮುಗಿಯುವ ಹೊತ್ತಿಗೆ ಸರಿಯಾಗಿ ಹಿಂಬಾಗಿಲಿಂದ ಬಂದ ಮಾವ ಅಲ್ಲೊಂದು ಒತ್ತಿ ಕತ್ತಲು ಮಾಡುತ್ತಿದ್ದರು.

“ಮೂರ್ಸಂಜೇಲಿ ದೀಪ ಕೆಡಿಸ್ತಾರಾ ಯಾರಾರೂವೆ?”

“ನಾನ್ ಆಕ್ದೆ ಕಣಮ್ಮಿ, ಕೆಡಿಸ್ನಿಲ್ಲ!”

ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ದೀಪ ಹೊತ್ತಲ್ಲದ ಹೊತ್ತಿನಲ್ಲಿ ಆರತೊಡಗಿತು. ಯಾರನ್ನು ಕೇಳಿದರೂ ನಾನಲ್ಲ, ನಾನಲ್ಲ. ಪಾಂಡವಪುರದಿಂದ ವೈರ್‌ಮನ್ ಬಂದು ಎಲ್ಲ ಬಿಚ್ಚಿ ನೋಡಿದ. “ಮೂರೂ ಸರಿಯಾಗವೆ ಕಣಕ್ಕ” ಎಂದ. ಅತ್ತೆ ಒಪ್ಪಲಿಲ್ಲ. “ಇವ್ನ ಕೆಲ್ಸವೇ ಸರಿಯಿಲ್ಲ, ಬೇರೇವ್ನ ಕರೀರಿ” ಎಂದರು. ಯಾರ ಮಾತು ನಂಬುವುದೋ ನನಗೆ ತಿಳಿಯಲಿಲ್ಲ.

ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಕೊಟ್ಟಿಗೆಯಿಂದ ಬಂದು ಹಿಂಬಾಗಿಲ ಸ್ವಿಚ್ಚು ಒತ್ತಿದರು. ದೀಪ ಆರಿತು. ಅವರು ಆ ಕತ್ತಲಿಗೆ ಭಕ್ತಿಯಿಂದ ಕೈ ಮುಗಿದು ಒಳಗೆ ಬಂದರು.

“ಅತ್ತೆ, ದೀಪ ಅತ್ಕಂಡದಾ?”

“ಊಂ ಕಣವ್ವ, ಈಗ್ ತಾನೆ ಆಕ್ದೆ.”

ಮಾರನೆಯ ದಿನವೇ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹೋದ ದೃಷ್ಟಿ ಬರುವುದಿಲ್ಲ, ಉಳಿದಷ್ಟನ್ನು ಕಣ್ಣಿಗೆ ಔಷಧಿ ಹಾಕಿಕೊಂಡು ಕಾಪಾಡಿಕೊಳ್ಳಿ ಎಂದರು ಕಣ್ಣಿನ ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. “ಮಂಜಾಯ್ತಾ ಅದೆ ಅಂತ ಗೊತ್ತಿತ್ತು ಕಣ್ ಮಗಾ. ಇಷ್ಟ್ ಆಗದೆ ಅಂತ ಗೊತ್ತಿರ್ನಿಲ್ಲ. ಏಳುದ್ರೆ ಅಸುಗೋಳ್ನ ಮಾರ್ಬುಡ್ತೀರಿ ಅಂತ ಸುಮ್ಕಿದ್ದೆ.”

ಮಾರೋಣವೆಂದು ನನ್ನ ಗಂಡ ಹೇಳಿಯೂ ಹೇಳಿದರು. ನಾನು ಅಡ್ಡ ನಿಂತೆ. ಅತ್ತೆ ತಡವಿಕೊಂಡೇ ಹಾಲು ಕರೆದರು, ನನಗೂ ಕಲಿಸಲು ಕೂತರು. “ಕಣ್ ಮುಚ್ಕೊ. ಕೈಗೇ ಗೊತ್ತಾಯ್ತದೆ” ಎನ್ನುತ್ತಿದ್ದರು. ನಾನು ಮುಟ್ಟಿದರೆ ಸಾಕು, ಹಸು ಒದೆಯುತ್ತಿತ್ತು. ಅವರಿಗೆ ಬಿದ್ದು ಬಿದ್ದು ನಗು.

ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಮಣ್ಣು ಮಾಡಿ ಬಂದು, ಅವರನ್ನು ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟಿದ್ದ ಎಣ್ಣೆದೀಪ ನೋಡಿ ಎಲ್ಲರೂ ಕೈ ಮುಗಿದೆವು. ಸಂಜೆಯಾಯಿತು. ಮುಂಬಾಗಿಲಲ್ಲಿ ಮಾವ, ಹಿಂಬಾಗಿಲಲ್ಲಿ ಗಂಡ, ಅಡುಗೆಮನೆಯ ಪಕ್ಕ ನಾನು. ನಡುಮನೆಯ ದೀಪ ಯಾರು ಹಾಕಬೇಕು? ಒಬ್ಬರು ಒತ್ತಿದರೆ ಇನ್ನೊಬ್ಬರೂ ಒತ್ತಿಬಿಟ್ಟಾರೆಂದು ಯಾರೂ ಕೈ ಎತ್ತಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಕೂಗತೊಡಗಿತು. ನಾನು ಕತ್ತಲಲ್ಲೇ ಚೊಂಬು ಹಿಡಿದು ಹೋಗಿ ಅದರ ಮಗ್ಗುಲಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಕೆಚ್ಚಲಿಗೆ ಕೈ ಹಾಕಿದೆ. ಅದು ಒದೆಯಲಿಲ್ಲ. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿ, ಅದರ ಹೊಟ್ಟೆಗೆ ತಲೆಯೊತ್ತಿ ಅತ್ತುಬಿಟ್ಟೆ.