ಪ್ಲಗ್ಗಿನ ಮೇಲಿನ ಬಿಳುಪು

ಕೂಡ್ಲಿಗಿಯ ಏಕಾಂತಪ್ಪ ಹುಟ್ಟಿದ ಕೂಡಲೇ ಅತ್ತದ್ದು ಹಸಿವಿಗಲ್ಲ, ಸೂಲಗಿತ್ತಿ ತನ್ನ ಬೆರಳೊಂದನ್ನು ಕದ್ದಾಳೆಂಬ ಅನುಮಾನಕ್ಕೆ ಎಂದು ಓಣಿಯ ಮಂದಿ ಇವತ್ತಿಗೂ ಹೇಳುತ್ತಾರೆ. ಹುಣ್ಣಿಮೆ ಚಂದ್ರನನ್ನೂ ಹಿಂಬದಿ ತಿರುವಿ ನೋಡದೆ ಪೂರ್ತಿ ಎಂದು ಒಪ್ಪುವ ಆಸಾಮಿಯಲ್ಲ ಅವನು. ಅಂಥವನೂ ಒಮ್ಮೆ ಮೋಸ ಹೋದ. ಮರ ಕೊಯ್ಯಲು ಕೊಂಡಿದ್ದ ಹಳೇ ಗರಗಸದ ಮಷಿನ್ನು ಸಾವ್ಕಾರ ಉಜ್ಜಿನಪ್ಪನವರ ಹೊಲದಲ್ಲಿ ಜಾಲಿಮರವೊಂದನ್ನು ಅರ್ಧ ಕೊಯ್ದು, ಪಿಸ್ಟನ್ ಕಚ್ಚಿಕೊಂಡು ಸತ್ತೇ ಹೋಯಿತು. ಉಜ್ಜಿನಪ್ಪನವರು ನಕ್ಕ ನಗೆಗೆ ಹಗರಿಬೊಮ್ಮನಹಳ್ಳಿಯಲ್ಲಿ ರೈಲು ನಿಂತಿತಂತೆ. ಈಗ ಅವರೇ ಮತ್ತೆ ಕರೆದಿದ್ದರು: ನಾಳೆಯಿಂದ ಜಾಲಿ ತೆಗೆಯಬೇಕು, ಈ ಸಲವೂ ಮಷಿನ್ ಕೈಕೊಟ್ಟರೆ ಈ ಕಸುಬೇ ಬಿಡು.

ಮಾರಾಟಕ್ಕಿದ್ದ ಮಷಿನ್ನೊಂದು ಕೊಟ್ಟೂರಿನ ಪಾಲಣ್ಣನ ಮನೆಯಲ್ಲಿತ್ತು. ಏಕಾಂತಪ್ಪ ಹೋದವನೇ, ಶರಣು ಅನ್ನುವುದಕ್ಕೂ ಮೊದಲು, ಜ್ವರದ ಕೂಸನ್ನು ಮುಟ್ಟಿದಂತೆ ಎಂಜಿನ್ನಿನ ಮೈ ಮುಟ್ಟಿದ.

"ಏನು ನೋಡ್ತೀರಿ?" ಎಂದ ಪಾಲಣ್ಣ.

"ಮೊದಲೇ ಓಡಿಸಿ ಬಿಸಿ ಮಾಡಿಟ್ರ ಎಂಥಾ ಮುದಿ ಎಂಜಿನ್ನೂ ಲಗೂನ ಏಳ್ತೈತ್ರಿ. ಆ ಆಟ ನನಗ ಗೊತ್ತೈತಿ."

"ತಣ್ಣಗ ಐತಲ್ಲ?"

"ಅದೇ ನನ್ನ ಅನುಮಾನ. ಇಷ್ಟು ತಣ್ಣಗ ಯಾಕೈತಿ?"

ಸ್ಟಾರ್ಟ್ ಮಾಡುವ ಹಗ್ಗದ ಹಿಡಿಕೆ ಹಿಡಿದು ಮಷಿನ್ನನ್ನೇ ತೂಗುಬಿಟ್ಟ. ಒಳಗಿನ ಒತ್ತಡ ಸಡಿಲಿದ್ದರೆ ಅದು ಸರ್ರನೆ ಇಳಿಯಬೇಕು. ಇದು ತಡೆತಡೆದು, ತವರು ಬಿಟ್ಟ ಮದುಮಗಳ ಹಾಗೆ ಇಳಿಯಿತು. ಏಕಾಂತಪ್ಪನ ಮುಖ ಇನ್ನಷ್ಟು ಬಿಗಿಯಿತು. ಮೇಲೆ ಚಲೋ ಇದ್ದಷ್ಟೂ ಮೋಸ ಆಳದಲ್ಲಿರುತ್ತದೆ ಎಂಬುದು ಅವನ ಸಿದ್ಧಾಂತ.

ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿದ. ತುದಿಯೆಲ್ಲ ಬೆಳ್ಳಗೆ! ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯ. ಬಿಳುಪಾದರೆ ಒಳಗೇ ಕಾದು ಬೆಂದಿದೆ ಎಂದರ್ಥ. ಸತ್ತ ಮಷಿನ್ನಿನ ಪ್ಲಗ್ಗೂ ಹೀಗೇ ಇತ್ತು.

"ಬೆಂದು ಹೋಗೈತಿ! ಹೆಣಕ್ಕ ಹೊಸಾ ಧೋತರ ಉಡಿಸಿ ಮಾರಾಕ ಹತ್ತೀರೇನ್ರಿ?"

ಪಾಲಣ್ಣ ಸಿಟ್ಟಿಗೆ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಅನ್ನದಾನಮ್ಮ ಹೊರಬಂದಳು. "ಬೆಂದಿದ್ದಲ್ಲೋ ಯಪ್ಪಾ, ಅದು ಇಭೂತಿ! ನಿನ್ನೆ ಸೋಮವಾರ ಪೂಜಿ ಮಾಡ್ಯಾರ. ಮಷಿನ್ನಿನ ಜೀವ ಪ್ಲಗ್ಗಿನಾಗ ಐತಂತ, ಬಿಚ್ಚಿ ಅದಕ್ಕೇ ಹಚ್ತಾರ. ಓಡಿಸೋ ಮುಂದ ಒರೆಸ್ತಾರ."

ಏಕಾಂತಪ್ಪ ನಂಬುತ್ತಾನೆಯೇ? ಬೆರಳಿಗೆ ಬಿಳುಪು ಹಚ್ಚಿಕೊಂಡು ನಾಲಿಗೆಗಿಟ್ಟ. ವಿಭೂತಿಯ ರುಚಿ ಅರಿಯದ ನಾಲಿಗೆ ಈ ಸೀಮೆಯಲ್ಲಿ ಹುಟ್ಟಿಲ್ಲ. ವಿಭೂತಿಯೇ. ಆದರೆ ಅದರ ಕೆಳಗೆ ಏನು ಮುಚ್ಚಿದ್ದಾರೆ? ಟವೆಲ್ಲಿನ ಚುಂಗಿನಿಂದ ಒರೆಸಿದ: ಹುರಿದ ಶೇಂಗಾ ಸಿಪ್ಪೆಯ ಕಂದು. ಸೈಲೆನ್ಸರ್ ಬಿಚ್ಚಿಸಿ ಮೊಬೈಲ್ ಬೆಳಕಲ್ಲಿ ಪಿಸ್ಟನ್ ನೋಡಿದ: ಒಂದು ಗೀರಿಲ್ಲ. ಎಲ್ಲ ಜೋಡಿಸಿ ಹಗ್ಗ ಎಳೆದರೆ ಮಷಿನ್ನು ಗುರ್ರೆಂದು ಎದ್ದು, ಅಂಗಳದ ಜಾಲಿ ತುಂಡನ್ನು ಬದನೆಕಾಯಿಯಂತೆ ಕೊಯ್ದಿತು.

"ಇನ್ನೂ ಅನುಮಾನ ಐತೇನಪ್ಪಾ?"

"ಒಂದು ಐತಿ ಯವ್ವಾ. ಇಷ್ಟು ಚಲೋ ಮಷಿನ್ ಯಾಕ ಮಾರ್ತೀರಿ?"

"ಇವರ ಬಲಗೈ ಮ್ಯಾಲ ಏಳವಲ್ದು. ರಟ್ಟಿ ಹಿಡದೈತಿ."

ಏಕಾಂತಪ್ಪ ಮಷಿನ್ ಕೆಳಗಿಟ್ಟು, ಪಾಲಣ್ಣನ ಬಲಗೈ ಹಿಡಿದು ಮೆಲ್ಲಗೆ ಮೇಲೆತ್ತಿದ. ಪಾಲಣ್ಣ ಒದರಿದ ಒದರಾಟಕ್ಕೆ ಕೊಟ್ಟೂರಿನ ಕಾಗೆಗಳೆಲ್ಲ ಹಡಗಲಿಗೆ ವಲಸೆ ಹೋದವು. ಏಕಾಂತಪ್ಪನಿಗೆ ಸಮಾಧಾನವಾಯಿತು. ಅಲ್ಲೇ ನಿಂತು ಉಜ್ಜಿನಪ್ಪನವರಿಗೆ ಫೋನ್ ಹಚ್ಚಿದ.

"ನಾಳೆ ಬರ್ತೀನ್ರಿ ಸಾವ್ಕಾರ್ರ."

"ಮಷಿನ್ ಸರಿಯಾಗಿ ನೋಡೀಯೇನಲೇ?"

"ಮಷಿನ್ನೂ ನೋಡೀನ್ರಿ, ಮಾಲಕರನ್ನೂ ನೋಡೀನಿ. ಕೆಟ್ಟಿರೋದು ಮಾಲಕರ ರಟ್ಟಿ ಅಷ್ಟ."